ಅರ್ಜಿದಾರರ ಹೇಳಿಕೆ

ಮನೆ ಅಪ್ಪನ ಹೆಸರಿನಲ್ಲಿದೆ, ಹಾಗಾಗಿ ಅರ್ಜಿಯೂ.
ಗೋಣೆಪ್ಪ ಬಿನ್ ಲೇಟ್ ಕರಿಬಸಪ್ಪ,
ಮಾಜಿ ಮಿಲ್ ಕಾರ್ಮಿಕ, ವಯಸ್ಸು ಎಪ್ಪತ್ತೊಂದು,
ವಾಸ: ದಾವಣಗೆರೆ, ಹೊಸ ಬೈಪಾಸಿನಿಂದ ಹನ್ನೊಂದು ಮೀಟರ್.
ಬೇಡಿಕೆ: ಎರಡು ಪದರ ಗಾಜಿನ ಕಿಟಕಿ, ಮೂರು.
ರಸ್ತೆ ಕಡೆಯ ಗೋಡೆಗೆ ಸದ್ದು ತಡೆಯುವ ಹಲಗೆ.
ಬರೆದದ್ದು ನಾನು. ಸಹಿ ಅವನದೇ,
ಮಿಲ್ಲಿನ ಸಂಬಳದ ಪುಸ್ತಕದಲ್ಲಿ ಕಲಿತ, ಬಾಲ ಉದ್ದದ ಸಹಿ.

ಕಷ್ಟ ಏನೆಂದರೆ ಅಪ್ಪನಿಗೆ ಕಿವಿ ಕೇಳುವುದಿಲ್ಲ.

ಇಪ್ಪತ್ತೆಂಟು ವರ್ಷ ಮಗ್ಗದ ಶೆಡ್ಡು.
ಅಲ್ಲಿ ಮಾತೇ ಇರಲಿಲ್ಲವಂತೆ,
ತುಟಿ ನೋಡಿ ತಿಳಕೊಳ್ಳುತ್ತಿದ್ದರಂತೆ.
ನೂಲು ಕಡಿದರೆ ಮೊದಲು ಅಂಗಾಲಿಗೆ ಗೊತ್ತಾಗುತ್ತಿತ್ತಂತೆ.
ಮಿಲ್ಲು ಮುಚ್ಚಿದ ದಿನ
ಓಣಿಗೆಲ್ಲ ಬಾಕಿ ಸಂಬಳದ ಚಿಂತೆ,
ಅಪ್ಪ ಮನೆಗೆ ಬಂದು ಅಮ್ಮನನ್ನು ಕೇಳಿದನಂತೆ:
ಯಾಕೆ ಎಲ್ಲಾರೂ ಇಷ್ಟು ಮೆತ್ತಗೆ ಮಾತಾಡ್ತೀರಿ?

ನಿದ್ದೆ ಹೋದದ್ದು ನನ್ನದು.
ಚಿಗಟೇರಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ, ಹೆರಿಗೆ ವಾರ್ಡು.
ಬೆಳಿಗ್ಗೆ ಎಂಟೂವರೆಗೆ ಬಂದು ಮಲಗುತ್ತೇನೆ.
ಹುಬ್ಬಳ್ಳಿ ಕಡೆಯ ಲಾರಿಗಳು ಗೇರು ಇಳಿಸುವುದು
ಸರಿಯಾಗಿ ನನ್ನ ತಲೆದಿಂಬಿನ ಹತ್ತಿರ,
ಅಲ್ಲಿ ರಸ್ತೆ ಏರು.
ಪಾತ್ರೆ ಸ್ಟ್ಯಾಂಡಿನಲ್ಲಿ ಲೋಟಗಳು ಹಲ್ಲು ಕಡಿಯುತ್ತವೆ.
ಆಸ್ಪತ್ರೆಯ ಹತ್ತಿ ಎರಡು ಉಂಡೆ ಮಾಡಿ ಕಿವಿಗಿಡುತ್ತೇನೆ,
ಹತ್ತಿಯಿಂದಲೇ ಕಿವಿ ಕಳಕೊಂಡವನ ಮಗಳು.
ನಗು ಬರುತ್ತದೆ. ನಿದ್ದೆ ಬರುವುದಿಲ್ಲ.

ಮೊದಲ ವರ್ಷ ಯಾರೋ ಬಂದು ಕಿಟಕಿ ಅಳೆದು
ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ೪೩ ಎಂದು ಬರೆದು ಹೋದರು.
ಖೈರುನ್ನಿಸಾಳ ಮನೆ ೪೪. ಆಚೆ ದರ್ಜಿ ರುದ್ರೇಶಿಯದು ೪೫.
ನಂಬರು ಬಿತ್ತಲ್ಲ, ಇನ್ನೇನು ಅಂತ
ಆ ದೀಪಾವಳಿಗೆ ಕಿಟಕಿಗೆ ಬಣ್ಣ ಹಚ್ಚಲಿಲ್ಲ,
ಹೇಗೂ ಕೀಳುತ್ತಾರೆ.
ಎರಡನೇ ವರ್ಷ ಅನುದಾನ ಪರಿಶೀಲನೆಯಲ್ಲಿತ್ತು.
ಆಮೇಲೆ ರಸ್ತೆ ಕಚೇರಿಯವರು ಪಾಲಿಕೆಗೆ ಹೋಗಿ ಅಂದರು.
ಪಾಲಿಕೆಯವರು, ಮನೆ ನಮ್ಮ ವ್ಯಾಪ್ತಿಗೆ ಬರುತ್ತದೆ,
ಸದ್ದು ಬರುವುದಿಲ್ಲ ಅಂದರು.
ಫೈಲು ಚಿತ್ರದುರ್ಗಕ್ಕೆ ಹೋಗಿ ಎಂಟು ತಿಂಗಳು ಅಲ್ಲೇ ಇತ್ತು.
ಚೆನ್ನಾಗಿ ಮಲಗಿರಬೇಕು.
ಎರಡು ಸಲ ಸುಣ್ಣ ಬಳಿದಾಯಿತು,
ಗೋಡೆ ಒದ್ದೆಯಾದರೆ ೪೩ ಮತ್ತೆ ಕಾಣುತ್ತದೆ.

ಮೊನ್ನೆ ಕೊನೆಗೂ ಸದ್ದಿನ ಮೀಟರು ಬಂತು.
ಲಾರಿ ಮುಷ್ಕರದ ಮೂರನೇ ದಿನ, ಮಧ್ಯಾಹ್ನ ಮೂರು ಗಂಟೆ.
ಆರು ಪಥದ ನಡುವೆ ಒಂದು ನಾಯಿ ಮಲಗಿತ್ತು.
ಕಿರಿಯ ಎಂಜಿನಿಯರು, ಒಳ್ಳೆ ಹುಡುಗನಂತೆ,
ಬೂಟು ಹೊರಗೆ ಬಿಟ್ಟು ಬಂದ, ಕೊಟ್ಟ ಮಂಡಕ್ಕಿ ತಿಂದ,
ಮೀಟರು ತೋರಿಸಿದ್ದನ್ನು ಬರೆದುಕೊಂಡ.
ನನಗೆ ಅಂದು ಡಬಲ್ ಡ್ಯೂಟಿ.
ಮುಂದಿನದು ಖೈರುನ್ನಿಸಾ ಹೇಳಿದ್ದು:

ಅಜ್ಜಾ, ಸದ್ದಿನಿಂದ ತೊಂದರೆ ಇದೆಯಾ?
ಏನು?
ಸದ್ದು, ಸದ್ದು! ರಸ್ತೆದು!
ಜೋರಾಗಿ ಹೇಳಪ್ಪ, ಏನೂ ಕೇಳಿಸ್ತಿಲ್ಲ.

ಈಗ ಫೈಲಿನಲ್ಲಿ ಹೀಗಿದೆ, ನಕಲು ತೆಗೆಸಿದ್ದೇನೆ:
"ಅರ್ಜಿದಾರರು ತಮಗೆ ಏನೂ ಕೇಳಿಸುತ್ತಿಲ್ಲವೆಂದು
ಖುದ್ದು ಹೇಳಿಕೆ ನೀಡಿರುತ್ತಾರೆ."
ಕೆಳಗೆ ಬಾಲ ಉದ್ದದ ಸಹಿ.

ಮುಚ್ಚಿಡಬೇಕೆಂದಿದ್ದೆ, ಅಪ್ಪನ ಕೈಗೆ ಸಿಕ್ಕಿತು.
ಓದಿದ. ಮಡಚಿದ. ಮತ್ತೆ ಬಿಚ್ಚಿದ.
ಊಟಕ್ಕೆ ಕರೆದರೆ ನನ್ನ ತುಟಿಯ ಕಡೆ ನೋಡಲಿಲ್ಲ.

ಮಾರನೇ ದಿನ ನಾನು ಮಲಗುವ ಹೊತ್ತಿಗೆ
ಸ್ಟೂಲು ಎಳೆದುಕೊಂಡು ಕಿಟಕಿಗೆ ಕೂತ.
ಗಾಜಿಗೆ ಅಂಗೈ ಒತ್ತಿ ಹಿಡಿದ,
ಜ್ವರ ನೋಡುವವರ ಹಾಗೆ.
ಗಾಜಿನ ನಡುಕ ನಿಂತಿತು.
ಹದಿನಾಲ್ಕು ಗಾಲಿ, ಅಂದ ತನ್ನಷ್ಟಕ್ಕೆ.
ಸ್ವಲ್ಪ ಹೊತ್ತಿಗೆ: ಟ್ರ್ಯಾಕ್ಟರು, ಟ್ರೇಲರ್ ಖಾಲಿ.
ಅಪ್ಪ ತನ್ನಷ್ಟಕ್ಕೆ ಅಂದದ್ದು ಓಣಿಗೆಲ್ಲ ಕೇಳುತ್ತದೆ.
ಸುಮ್ಮನಿರು ಅನ್ನಲಿಲ್ಲ ನಾನು,
ಕಣ್ಣು ಮುಚ್ಚಿಕೊಂಡೇ ಇದ್ದೆ.
ಯಾವಾಗಲೋ ನಿದ್ದೆ ಬಂದಿರಬೇಕು,
ಯಾಕೆಂದರೆ ಎಚ್ಚರವಾಯಿತು:
ಅಪ್ಪ ಚಹಾಕ್ಕೆಂದು ಎದ್ದಿದ್ದ.